ಸ್ಪ್ರಿಂಗ್ ಬಿಗಿದವರು

ಸ್ಪ್ರಿಂಗನ್ನು ಯಾರೋ ಮತ್ತೆ ಬಿಗಿದಿದ್ದರು.

ಅವಳು ಎಲೆಕ್ಟ್ರಿಕ್ ಬೈಕಿನ ಪಕ್ಕ ಕುಕ್ಕರಗಾಲಲ್ಲಿ ಕೂತು ನೋಡಿದಳು. ಹಿಂಚಕ್ರದ ಶಾಕ್ ಅಬ್ಸಾರ್ಬರಿಗೆ ಒಂದು ಬಳೆ ಇರುತ್ತದೆ. ಈ ಕಡೆ ತಿರುಗಿಸಿದರೆ ಸ್ಪ್ರಿಂಗ್ ಗಟ್ಟಿ, ಆ ಕಡೆ ತಿರುಗಿಸಿದರೆ ಮೆತ್ತಗೆ. ನಿನ್ನೆ ಹೊರಡುವ ಮುಂಚೆ ತಾನೇ ಮೆತ್ತಗೆ ಮಾಡಿ, ಸಂಜೆ ಬಳೆಗೂ ಕೊಳವೆಗೂ ಸೇರಿಸಿ ಬಿಳಿ ಬಣ್ಣದ ಗೆರೆ ಎಳೆದಿದ್ದಳು. ಈಗ ಆ ಗೆರೆ ತುಂಡಾಗಿ ಒಂದೊಂದು ಚೂರು ಒಂದೊಂದು ದಿಕ್ಕಿಗೆ ನಿಂತಿತ್ತು. ಬೆಳಗ್ಗೆ ಬೆಳಗ್ಗೆಯೇ ಅವಳ ಪಿತ್ತ ನೆತ್ತಿಗೇರಿತು.

ಬೈಕ್ ರಿಪೇರಿ ಅವಳ ಕಸುಬು. ಅಮ್ಮ ಹಾಸಿಗೆ ಹಿಡಿದಾಗ ವರ್ಕ್‌ಶಾಪಿಗೆ ಬೀಗ ಜಡಿದವಳು, ಅಮ್ಮ ಹೋದ ಮೇಲೂ ಬಹಳ ಕಾಲ ಕೈಯಾಡದೆ ಕೂತು, ಈ ವರ್ಷವಷ್ಟೇ ಅದನ್ನು ಮತ್ತೆ ತೆರೆದಿದ್ದಳು. ತೆರೆದ ದಿನ ಅಪ್ಪ ಮೆಚ್ಚುಗೆ ಗಿಚ್ಚುಗೆ ಏನೂ ಹೇಳಲಿಲ್ಲ. "ಇನ್ನು ಯಾರಿಗೋಸ್ಕರಾನೂ ಈ ಷಟರ್ ಎಳೀಬೇಡ ಪುಟ್ಟಿ. ನನಗೋಸ್ಕರಾನೂ ಬೇಡ," ಎಂದಷ್ಟೇ ಹೇಳಿದ.

ಅಪ್ಪ ಬಸ್ ಡ್ರೈವರ್ ಆಗಿದ್ದವನು. ಆಯುಷ್ಯವೆಲ್ಲ ಇದೇ ರಸ್ತೆಯಲ್ಲಿ ಬಸ್ಸು ಓಡಿಸಿ ಬೆನ್ನುಮೂಳೆ ಸವೆಸಿಕೊಂಡಿದ್ದ. ಬೆಳಗ್ಗೆ ಅವಳು ವರ್ಕ್‌ಶಾಪಿಗೆ ಹೊರಡುವಾಗ ಅವನನ್ನು ಬೆನ್ನಿನ ಚಿಕಿತ್ಸೆಗೆ ಬಿಟ್ಟು ಹೋಗಬೇಕು. ಕುಲುಕಾಟ ಹೀಗೇ ಮುಂದುವರಿದರೆ ಆಪರೇಷನ್ ತಪ್ಪಿದ್ದಲ್ಲ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಅಂದಿನಿಂದ ಅವಳು ಕೂತಲ್ಲಿ ಕೂರಲಿಲ್ಲ. ಮುಂದಕ್ಕೆ ಹೊಸ ಫೋರ್ಕ್ ಹಾಕಿದಳು, ಹಿಂದಕ್ಕೆ ಉದ್ದ ಸ್ಪ್ರಿಂಗಿನ ಶಾಕ್, ಸೀಟಿನೊಳಗೆ ದಪ್ಪ ಸ್ಪಂಜು. ಗುಂಡಿ ಕಂಡಲ್ಲೆಲ್ಲ ಹ್ಯಾಂಡಲ್ ತಿರುಗಿಸಿ ತಪ್ಪಿಸಿದಳು.

ಮೊದಲೆಲ್ಲ ಹಿಂದೆ ಕೂತ ಅಪ್ಪನ ಬಾಯಿಗೆ ಬಿಡುವೇ ಇರಲಿಲ್ಲ. ದರ್ಜಿ ಬೇಗ ಬಾಗಿಲು ತೆಗೆದಿದ್ದಾನೆ, ಔಷಧಿ ಅಂಗಡಿಯವನಿಗೆ ಇನ್ನೂ ಬೆಳಗಾಗಿಲ್ಲ, ಈ ಶಾಲೆಯವರು ಗೇಟಿಗೆ ಬಣ್ಣ ಹೊಡೆಸಬಾರದೇ! ಹೊಸ ಸ್ಪ್ರಿಂಗ್ ಬಂದ ಮೇಲೆ ಎಲ್ಲ ನಿಂತುಹೋಯಿತು. ಮೊದಲೇ ಸದ್ದಿಲ್ಲದ ಬೈಕು, ಈಗ ನೀರಿನ ಮೇಲೆ ದೋಣಿ ಹೋದ ಹಾಗೆ ಹೋಗುತ್ತಿತ್ತು. ರಸ್ತೆ ಅಗಲ ಮಾಡುವವರು ಅಂಗಡಿಗಳ ಗೋಡೆಗೆ ಕೆಂಪು ಗುರುತು ಹಾಕಿದ್ದನ್ನು ಅವಳು ತೋರಿಸಿದಾಗಲೂ ಅಪ್ಪ ಬರೀ ಹೂಂ ಎಂದ. ಒಮ್ಮೆ ಅರ್ಧ ದಾರಿಯಲ್ಲಿ ಅವಳ ಭುಜ ಬಿಗಿಯಾಗಿ ಹಿಡಿದು, ಎಲ್ಲಿಗೆ ಬಂದ್ವಿ ಎಂದು ಕೇಳಿದ. ನಿದ್ದೆ ಹತ್ತುವಷ್ಟು ಸುಖವಾಗಿದೆಯಲ್ಲ ಎಂದು ಅವಳು ಹಿಗ್ಗಿದಳು.

ಅದರ ಮಾರನೆಯ ದಿನದಿಂದಲೇ ಈ ಕಾಟ ಶುರುವಾದದ್ದು.

ಕಳ್ಳ ಯಾರೆಂದು ಅವಳಿಗೆ ಅನುಮಾನವೇ ಇರಲಿಲ್ಲ. ಗಂಡನಿಗೆ ಬೇಕರಿಯಲ್ಲಿ ಕೆಲಸ. ಬೆಳಗಿನ ಜಾವ ಬೈಕ್ ಒಯ್ದು, ಒಲೆ ಹೊತ್ತಿಸಿ, ಬಿಸಿ ಬ್ರೆಡ್ಡಿನ ಜೊತೆ ಮನೆಗೆ ಮರಳುವವನು. ಅಲ್ಲಿಯ ಹಿಟ್ಟಿನ ಹಾಗೆ ತಾನೂ ಉಬ್ಬಿದ್ದ. ಅಂಥ ಆಳು ಕೂತರೆ ಮೆತ್ತನೆಯ ಸ್ಪ್ರಿಂಗ್ ನೆಲ ಕಚ್ಚದೆ ಇನ್ನೇನು? ಮಾವನಿಗೆ ಕನ್ನಡಕ ಹಳತಾಗಿದೆಯೆಂದು ದಿನಾ ಎದುರಿಗೆ ಕೂತು ಪೇಪರ್ ಓದಿ ಹೇಳುವ ಅಳಿಯ, ಹಿಂದಿನಿಂದ ಅವರ ಬೆನ್ನು ಮುರಿಯಲು ಹೊರಟಿದ್ದಾನೆಂದು ಅವಳ ಮೈಯೆಲ್ಲ ಉರಿಯಿತು. ಒಂದು ವಾರದಿಂದ ನುಂಗಿಕೊಂಡದ್ದನ್ನೆಲ್ಲ ಇವತ್ತು ಅಡುಗೆಮನೆಯಲ್ಲಿ ಕಾರಿಬಿಟ್ಟಳು.

ಗಂಡ ಲೋಟ ಕೆಳಗಿಟ್ಟ. ತಾನು ಅದನ್ನು ಮುಟ್ಟಿಯೇ ಇಲ್ಲವೆಂದ. ನಂಬಲಾರೆ ಎಂದಳು.

"ನಾನೇ ಮಾಡಿದ್ರೆ ವಾಪಸ್ ಬಂದ್ಮೇಲೆ ಗೆರೆನ ಮತ್ತೆ ಸರಿಯಾಗಿ ಕೂಡಿಸಿ ಇಡ್ತಿರಲಿಲ್ವಾ?" ಎಂದ. "ಅಷ್ಟು ದಪ್ಪ ಬಿಳಿ ಗೆರೆ ಯಾವ ಕಳ್ಳನ ಕಣ್ಣಿಗೆ ಬೀಳಲ್ಲ, ಹೇಳು?"

ಬಾಗಿಲ ಬಳಿ ಕೂತಿದ್ದ ಅಪ್ಪ ಕೆಮ್ಮಿದ.

"ಅವರನ್ನ ಬಯ್ಯಬೇಡ ಪುಟ್ಟಿ. ರಸ್ತೆ ಅಂದ್ಮೇಲೆ ಕುಲುಕದೇ ಇರುತ್ತಾ? ನಡಿ, ಹೊತ್ತಾಯ್ತು."

ದಿನದಂತೆ ಸಡಿಲಿಸಿ ಹೊರಡೋಣವೆಂದರೆ ಸ್ಪ್ಯಾನರ್ ಇಟ್ಟ ಜಾಗದಲ್ಲಿ ಇರಲಿಲ್ಲ. ಹಾಗೆಯೇ ಬೈಕ್ ಹತ್ತಿದಳು.

ಬೀದಿಯ ಮೊದಲ ಉಬ್ಬಿನಲ್ಲೇ ಬೈಕು ಕುಲುಕಿತು. ಹಿಂದೆ ಕೂತವನು ಮಾತ್ರ ನರಳಲಿಲ್ಲ, ಮಾತು ಶುರು ಮಾಡಿದ. ಔಷಧಿ ಅಂಗಡಿಯವನು ಇವತ್ತೂ ಎದ್ದಿಲ್ಲವೆಂದ. ಶಾಲೆಯವರ ಜಿಪುಣತನಕ್ಕೆ ನಕ್ಕ. ಎಷ್ಟೋ ದಿನದ ಮೇಲೆ ಅವನ ದನಿಯಲ್ಲಿ ಹಳೆಯ ಗೆಲುವಿತ್ತು.

ಭುಜದ ಮೇಲಿದ್ದ ಅವನ ಕೈಯನ್ನು ಅವಳು ಓರೆಗಣ್ಣಿನಲ್ಲಿ ನೋಡಿದಳು. ಬಿಳಿ ಅಂಗಿಯ ತೋಳಂಚಿಗೆ ಕಪ್ಪು ಗ್ರೀಸು ಮೆತ್ತಿತ್ತು. ಇಸ್ತ್ರಿಯ ಮಡಿಕೆ ಕೆಟ್ಟಿದ್ದರೂ ಹೊಸ್ತಿಲು ದಾಟದ ಮನುಷ್ಯ! ಗಂಡನ ಮೇಲೆ ಸುಮ್ಮಸುಮ್ಮನೆ ಹರಿಹಾಯ್ದೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ಅದರ ಬೆನ್ನಿಗೇ ಈ ಮುದುಕನ ಹಟಕ್ಕೆ ಸಿಟ್ಟು ಬಂತು. ಯಾಕಪ್ಪಾ ಬಿಗಿದೆ ಎಂದು ಕೇಳಿಯೇ ಬಿಡಲು ಬಾಯಿ ತೆರೆದಳು.

ಅಷ್ಟರಲ್ಲಿ ಚಕ್ರ ದರ್ಜಿಯ ಅಂಗಡಿ ಮುಂದಿನ ಚರಂಡಿಯ ಚಪ್ಪಡಿ ಹತ್ತಿ ದಡಕ್ಕನೆ ಇಳಿಯಿತು.

"ನೋಡು, ದರ್ಜಿ ಆಗಲೇ ಬಾಗಿಲು ತೆಗೆದು ಕೂತಿದ್ದಾನೆ," ಎಂದ ಅಪ್ಪ.

ಅವಳು ನೋಡಿದಳು. ದರ್ಜಿಯ ಅಂಗಡಿಯನ್ನು ನಿನ್ನೆ ಮಧ್ಯಾಹ್ನವೇ ಕೆಡವಿ ಹಾಕಿದ್ದರು. ಅಲ್ಲಿ ಬಾಗಿಲಿರಲಿಲ್ಲ, ಗೋಡೆಯಿರಲಿಲ್ಲ, ಬರೀ ಇಟ್ಟಿಗೆಯ ರಾಶಿ ಬಿದ್ದಿತ್ತು. ಕನ್ನಡಿಯಲ್ಲಿ ಅಪ್ಪನ ಮುಖ ಆ ರಾಶಿಯ ಕಡೆಗೇ ತಿರುಗಿತ್ತು.

"ಹೌದಪ್ಪಾ, ಬೇಗ ತೆಗೆದಿದ್ದಾನೆ," ಎಂದಳು, ಮತ್ತು ವೇಗ ಇಳಿಸಿ, ಮುಂದಿನ ಗುಂಡಿಯನ್ನು ತಪ್ಪಿಸದೆ, ಮೆಲ್ಲಗೆ ಅದರೊಳಕ್ಕೆ ಚಕ್ರ ಇಳಿಸಿದಳು.