ಎರಡನೇ ಚಮಚ

ಮೊದಲ ತುತ್ತು ಇನ್ನೂ ಗಂಟಲಲ್ಲೇ ಇತ್ತು. ಅಷ್ಟರಲ್ಲಿ ಥೆರಪಿಸ್ಟ್ ಮೇಡಂ ಅವನ ಹಣೆಯನ್ನು ಹಿಂದಕ್ಕೆ ಒತ್ತಿ ಹಿಡಿದು ಎರಡನೇ ಚಮಚ ತುರುಕಿದರು. ಮನೆಯಲ್ಲಿ ಮಗಳಿಗೆ ಅವನು ತಿನ್ನಿಸುತ್ತಿದ್ದುದೂ ಹೀಗೆಯೇ. ಐದು ವರ್ಷದ ಅವಳಿಗೆ ಸೆರೆಬ್ರಲ್ ಪಾಲ್ಸಿ; ಕೈಕಾಲು, ನಾಲಿಗೆ ಯಾವುದೂ ಹಿಡಿತಕ್ಕೆ ಸಿಗುವುದಿಲ್ಲ. "ಬೇಕಂತ್ಲೇ ಉಗುಳ್ತಾಳೆ ಮೇಡಂ. ಥೂ, ನೋಡಿದ್ರೆ ವಾಕರಿಕೆ ಬರುತ್ತೆ" ಎಂದು ಅವನು ದೂರಿದ್ದಕ್ಕೆ, "ಒಂದ್ಸಲ ಅವಳ ಥರ ನೀವೂ ತಿಂದು ನೋಡಿ" ಎಂದಿದ್ದರು.

ಉಸಿರು ಕಟ್ಟಿತು. ಕೆಮ್ಮಿದ ರಭಸಕ್ಕೆ ಹಿಸುಕಿದ ಬಾಳೆಹಣ್ಣು ಎಂಜಲಿನ ಜೊತೆ ಗಲ್ಲದಿಂದ ಜಾರಿ, ಇಸ್ತ್ರಿ ಮಾಡಿದ ಅಂಗಿಯ ಮೇಲೆ ಲೋಳೆಲೋಳೆಯಾಗಿ ಇಳಿಯಿತು. ಅವನಿಗೆ ತನ್ನ ಬಾಯಿಯ ಬಗ್ಗೆಯೇ ಹೇಸಿಗೆಯಾಯಿತು.

ಪಕ್ಕದಲ್ಲಿ ಕೂತಿದ್ದ ಹೆಂಡತಿ, ತನ್ನ ಹೆಗಲ ಮೇಲೆ ಹಾಕಿಕೊಂಡಿದ್ದ ಮಗಳ ಟವೆಲಿನಿಂದ ಅವನ ಗಲ್ಲ ಒರೆಸಿದಳು.

"ಬೇಕಂತ್ಲೇ ಉಗುಳಿದ್ರಾ?" ಎಂದು ಕೇಳಿದಳು.