ಟಗರಿನ ಗಂಟೆಯ ದನಿ

ಮಗಳು ಮೊನ್ನೆ ಹಳೆಯ ಹಿತ್ತಾಳೆ ಗಂಟೆಯನ್ನು ಬಾರಿಸಿ, ಅದು ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆಂದು ಮೊಬೈಲಿನಲ್ಲಿ ತೋರಿಸಿದಳು. ನನ್ನ ಮೂಗಿಗೆ ಬಡಿದದ್ದು ಅದರಲ್ಲಿನ್ನೂ ಉಳಿದಿರುವ ಉಣ್ಣೆಯ ಜಿಡ್ಡುವಾಸನೆ.

ನಾನು ಚಿಕ್ಕವಳಿದ್ದಾಗ ಒಂದು ಮಧ್ಯಾಹ್ನ, ಮಾಡಗ್ಯಾಳ ಊರಿನ ನಮ್ಮ ಅಂಗಳದಲ್ಲಿ ಮುತ್ಯಾ, ಅಂದರೆ ಅಪ್ಪನ ಅಪ್ಪ, ಟಗರಿನ ಕೊರಳಿಂದ ಇದೇ ಗಂಟೆ ಬಿಚ್ಚಿ ನನ್ನ ತುಟಿಯ ಬಳಿ ತೂಗಿಹಿಡಿದ. "ಬಾರಸಬ್ಯಾಡವ್ವ. ಗುಂಯ್ ಅನಕೋತ ಅದರ ದನಿ ಹುಡುಕು. ನನ್ನ ಗಂಟಲಾ ಈಗ ಅಷ್ಟು ಏರೂದಿಲ್ಲ."

ನಾನು ದನಿ ಏರಿಸುತ್ತ ಹೋದೆ. ಒಂದು ಹಂತದಲ್ಲಿ ಗಂಟೆಯ ಅಂಚು ತುಟಿಗೆ ಕಚಗುಳಿಯಿಟ್ಟಂತೆ ನಡುಗಿ, ತಾನೂ ಗುಂಯ್ ಎಂದಿತು. ಟಗರು ಮೇವು ಬಿಟ್ಟು ಬಂದು ನನ್ನ ಲಂಗಕ್ಕೆ ಮೂಗು ಒರೆಸಿತು. ಕುಣಿದಾಡಿಬಿಟ್ಟೆ.

ಸ್ವಲ್ಪ ಹೊತ್ತಿಗೆ ವ್ಯಾಪಾರಿಯ ಟೆಂಪೋ ಬಂತು. ಮೂವರು ಎಳೆದರೂ ಟಗರು ಹಲಗೆ ಹತ್ತಲಿಲ್ಲ. ಮಾರಿದ ಕುರಿಯ ಮುಂದೆ ಮನೆಯ ಗಂಟೆ ಬಾರಿಸಬಾರದೆಂಬುದು ನಮ್ಮ ರೂಢಿ. ಅದಕ್ಕೇ ಅಪ್ಪ ನನ್ನನ್ನು ಟೆಂಪೋದೊಳಗೆ ನಿಲ್ಲಿಸಿದ.

"ಆ ದನಿ ತಗಿ."

ತೆಗೆದೆ. ಟಗರು ಹಗ್ಗವಿಲ್ಲದೆ ಹತ್ತಿ ಬಂದು ಮತ್ತೆ ನನ್ನ ಲಂಗಕ್ಕೆ ಮೂಗು ಒರೆಸಿತು. ನನ್ನನ್ನು ಇಳಿಸಿಕೊಂಡು ಬಾಗಿಲು ಹಾಕಿದರು.

"ಹುಡುಗಿ ಭಾಳ ಶಾಣ್ಯಾ ಅದಾಳ್ರಿ," ಅಂದ ವ್ಯಾಪಾರಿ.

"ಇದಕ್ಕಂತನ ನಮ್ಮಪ್ಪ ಕಲಿಸ್ಯಾನ್ರಿ," ಎಂದು ಅಪ್ಪ ನಕ್ಕ.

ಮುತ್ಯಾ ನೆಲ ನೋಡುತ್ತ ಕೂತಿದ್ದ. ಟೆಂಪೋದೊಳಗಿಂದ ಟಗರು ಒಂದೇ ಸಮನೆ ಕೂಗುತ್ತಿತ್ತು. ಮುತ್ಯಾ ಕೊಟ್ಟು ನನ್ನ ಕೈಯಲ್ಲಿ ತೂಗುತ್ತಿದ್ದ ಗಂಟೆ ಆ ಕೂಗಿಗೆ ಮಿಸುಕಲೂ ಇಲ್ಲ.