ಬೆನ್ನ ಮೇಲಿನ ಹೆಸರು

ವೈಕುಂಠ ಸಮಾರಾಧನೆಗೆ ಬಂದವರೆಲ್ಲ ಹೋದ ಮೇಲಿನ ಮೊದಲ ಸೋಮವಾರ. ಕಸದ ಲಾರಿ ಎಂದಿನಂತೆ ಏಳಕ್ಕೆ ಬಂದು ಹೋಯಿತು. ಗಂಡ ಕುಶಲನ ಫೋನಿಗೆ ಹಲ್ಲಿನ ಡಾಕ್ಟರ ಕಡೆಯಿಂದ ಮೆಸೇಜು ಬಂತು: ನಾಳೆ ಬರುವುದು ಖಚಿತವೇ? ಸಂಯುಕ್ತಾ ಯೋಚಿಸದೆ 'ಹೌದು' ಒತ್ತಿಬಿಟ್ಟಳು. ಅವಳಮ್ಮ ಜಲಜಾ ಗರಾಜಿನ ಬಾಗಿಲಿಗೆ ತೂಗುಹಾಕಿದ್ದ ಕೋಟಿನ ಕಡೆ ನೋಡದೆ ಬೆರಳು ತೋರಿಸಿದರು.

"ಆ ಕೋಟು ಇವತ್ತೇ ಕೊಟ್ಟು ಬಂದ್ಬಿಡಮ್ಮ. ಬೆಳಗಾಗೆದ್ದು ಹಾಲ್‌ಗೆ ಬಂದ್ರೆ ಯಾರೋ ಬೆನ್ನು ತಿರುಗಿಸ್ಕೊಂಡು ನಿಂತ ಹಾಗಿರತ್ತೆ. ಅದೂ ಬೇರೆ ಯಾರ್ದೋ ಹೆಸ್ರು ಹೊತ್ಕೊಂಡು."

ಮಾರ್ಗನ್ ಹಿಲ್ ದಾಟಿ ಬೆಟ್ಟದ ಕಡೆ ಹೋದರೆ ಸಿಗುವ ಡ್ರೈ ಓಕ್ ಪುಟ್ಟ ಊರು. ಅಲ್ಲಿನ ಬೆಂಕಿ ಆರಿಸುವ ದಳದವರಿಗೆ ಸಂಬಳವಿಲ್ಲ. ಊರವರೇ ಕೆಲಸ ಬಿಟ್ಟು ಓಡುತ್ತಾರೆ. ತೊಂಬತ್ತು ವರ್ಷದ ಹಿಂದೆ ಏಪ್ರಿಕಾಟ್ ತೋಟದವರು ದಳ ಕಟ್ಟಿದಾಗಲೇ ಒಂದು ರೂಢಿಯನ್ನೂ ಕಟ್ಟಿದ್ದರು. ಹೊಸಬ ಮೊದಲ ವರ್ಷ ಹೊಸ ಕೋಟು ತೊಡುವಂತಿಲ್ಲ. ತೀರಿಕೊಂಡ ಸದಸ್ಯನೊಬ್ಬನ ಕೋಟನ್ನು ಅವನ ಹೆಂಡತಿಯ ಮನೆಗೆ ಹೋಗಿ ಕೇಳಿ ತರಬೇಕು. ಬೆನ್ನ ಮೇಲಿನ ಹೆಸರನ್ನು ಕೀಳುವಂತಿಲ್ಲ. ವರ್ಷ ತುಂಬುವ ತನಕ ಎಲ್ಲರೂ ಅವನನ್ನು ಕರೆಯುವುದು ಆ ಹೆಸರಿನಿಂದಲೇ. ಹೀಗೆ ದಳ ಸೇರಿದ ಕುಶಲ ಹತ್ತು ತಿಂಗಳು ಓರಿನ್ ಆಗಿದ್ದ. "ಸತ್ತವನ ಹೆಸರಿಗೆ ಓಗೊಡ್ತೀಯಲ್ಲ, ಏನೂ ಅನ್ಸಲ್ವಾ?" ಎಂದು ಸಂಯುಕ್ತಾ ಕೇಳಿದ್ದಳು. "ಕುಶಲ್ ಅನ್ನೋದನ್ನ ಇವ್ರು ಕೂಶೆಲ್ ಅಂತಾರೆ. ಅದಕ್ಕಿಂತ ಓರಿನ್ನೇ ವಾಸಿ" ಎಂದು ನಕ್ಕಿದ್ದ.

ಹೋದ ತಿಂಗಳು ಬೆಂಕಿ ಬಿದ್ದದ್ದು ಅದೇ ಓರಿನ್‌ನ ಮನೆಗೆ. ಒಳಗೆ ಅವನ ವಿಧವೆ ಬರ್ನೀಸ್ ಒಬ್ಬಳೇ ಇದ್ದಳು, ಎಂಬತ್ತೆರಡು ವರ್ಷದವಳು. ಕುಶಲ ಅವಳನ್ನು ಹೊತ್ತು ತಂದು ಆಂಬ್ಯುಲೆನ್ಸಿಗೆ ಹತ್ತಿಸಿದ. ಅದು ಹೊರಟ ಮೇಲೆ ನೀರಿನ ಲಾರಿಯ ಚಕ್ರಕ್ಕೆ ಒರಗಿ ಕೂತವನು ಏಳಲಿಲ್ಲ. ಮೂವತ್ತನಾಲ್ಕರ ಎದೆ ನಿಂತುಹೋಗಿತ್ತು.

ಹೊರಡುವ ಮುಂಚೆ ಸಂಯುಕ್ತಾ ದಳದ ಮುಖ್ಯಸ್ಥ ಗಸ್‌ಗೆ ಫೋನು ಮಾಡಿದಳು.

"ಕೋಟು ನಿಮ್ಮ ಮನೆಯಿಂದ ಬರ್ನೀಸ್ ಮನೆಗೇ ಹೋಗಬೇಕು, ನಾವು ನಡುವೆ ಬರುವಂತಿಲ್ಲ," ಎಂದ ಅವನು. ಆಮೇಲೆ, "ಒಂದು ವಿಷಯ. ತನ್ನನ್ನು ಹೊತ್ತು ತಂದವನು ಓರಿನ್ ಅಂತ ಬರ್ನೀಸ್ ನಂಬಿದ್ದಾಳೆ. ದಳದ ಚರಿತ್ರೆ ಬರೆಯುವವಳೂ ಅವಳೇ. ಪುಸ್ತಕದಲ್ಲಿ ಹಾಗೇ ಬರೆದುಬಿಟ್ಟಿದ್ದಾಳೆ. ತಿದ್ದೋಕೆ ನಮ್ಮಲ್ಲಿ ಯಾರಿಗೂ ಬಾಯಿ ಬರಲಿಲ್ಲ."

"ನಾನು ತಿದ್ತೀನಿ," ಎಂದಳು ಸಂಯುಕ್ತಾ.

ಸುಟ್ಟ ಮನೆಯ ಪಕ್ಕದಲ್ಲೇ ಒಂದು ಟ್ರೇಲರು, ಚಕ್ರದ ಮೇಲಿನ ತಾತ್ಕಾಲಿಕ ಮನೆ. ಬರ್ನೀಸ್ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದಳು. ತೊಡೆಯ ಮೇಲೆ ದಪ್ಪ ರಟ್ಟಿನ ಪುಸ್ತಕ. ಬಂದವಳ ಮುಖವನ್ನು ಅವಳು ನೋಡಲೇ ಇಲ್ಲ. ಬಂದವಳ ತೋಳಿನ ಮೇಲಿದ್ದ ಕೋಟನ್ನೇ ನೋಡಿದಳು.

"ಬಂದೆಯಾ," ಎಂದಳು ಕೋಟಿಗೆ. ಆಮೇಲೆ ಸಂಯುಕ್ತಾಳ ಕಡೆ ತಿರುಗಿ, "ಪಾಪ, ನಿನ್ನ ಗಂಡನೂ ಅವತ್ತೇ ಹೋದನಂತೆ. ಗಸ್ ಹೇಳಿದ. ಇಲ್ಲೇ ಹೊರಗೆ ಕೂತಿದ್ದನಂತಲ್ಲ?"

"ಅವತ್ತು ಒಳಗೆ ಬಂದದ್ದು..." ಸಂಯುಕ್ತಾ ಶುರುಮಾಡಿದಳು.

"ಓರಿನ್. ನನಗೆ ಗೊತ್ತಿಲ್ಲವೇ? ಅವನ ಭುಜದ ರೇಡಿಯೋ ಕೂಗುತ್ತಲೇ ಇತ್ತು: ಓರಿನ್, ಹೊರಗೆ ಬಾ, ಓರಿನ್, ಹೊರಗೆ ಬಾ ಅಂತ." ಮುದುಕಿ ನಕ್ಕಳು. "ಆದರೆ ಗಿಡ್ಡಗಾಗಿಬಿಟ್ಟಿದ್ದಾನೆ ಕಣಮ್ಮ. ಆರಡಿ ಮೂರಿಂಚಿನ ಆಳು! ಹೋದ ಮೇಲೆ ಸವೆಯುತ್ತಾರೇನೋ. ತಲೆಗೆ ಅದೇನೋ ಎಣ್ಣೆ ಬೇರೆ ಹಚ್ಚಿಕೊಂಡಿದ್ದ. ಬದುಕಿದ್ದಾಗ ಬಾಚಣಿಗೆ ಮುಟ್ಟಿದವನಲ್ಲ."

ಬೆಟ್ಟದ ಮೇಲಿಂದ ಬಿಸಿಗಾಳಿ ಬೀಸಿತು. ಸುಟ್ಟ ಮನೆಯೊಳಗೆಲ್ಲೋ ಒಂದು ಬಾಗಿಲು ಮೆಲ್ಲಗೆ ಬಡಿದುಕೊಂಡಿತು. ಸಂಯುಕ್ತಾ ಅತ್ತ ನೋಡಿದಳು. ಆ ಮನೆಗೆ ಬಾಗಿಲೊಂದೂ ಉಳಿದಿರಲಿಲ್ಲ. ಮುದುಕಿ ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ, ಅಥವಾ ಅಭ್ಯಾಸವಾಗಿಹೋಗಿತ್ತು.

"ಬರ್ನೀಸ್, ಆ ಪುಸ್ತಕದಲ್ಲಿ ಒಂದು ಹೆಸರು ತಪ್ಪಾಗಿದೆ."

"ಹೆಸರು ತಪ್ಪಾಗಿಲ್ಲ. ಒಂದು ಸಾಲು ಮಾತ್ರ ಅರ್ಥವಾಗಿಲ್ಲ." ಮುದುಕಿ ಪುಟ ತೆರೆದು ಕನ್ನಡಕ ಏರಿಸಿದಳು. "ಮೆಟ್ಟಿಲ ಹತ್ತಿರ ಅವನಿಗೆ ಉಸಿರು ಸಿಗುತ್ತಿರಲಿಲ್ಲ. ಆದರೂ ನನ್ನ ಕಿವಿಯಲ್ಲಿ ಏನೋ ಹೇಳುತ್ತಲೇ ಇದ್ದ. ಇಂಗ್ಲಿಷ್ ಅಲ್ಲ. ಹೋದವರ ಲೋಕದ ಭಾಷೆ ಬೇರೆ ಇರಬೇಕು. ಮರೆತೀತು ಅಂತ ಆಸ್ಪತ್ರೆಯಲ್ಲೇ ಕೇಳಿಸಿದ ಹಾಗೇ ಬರೆದುಕೊಂಡೆ." ಅಕ್ಷರ ಅಕ್ಷರಕ್ಕೂ ಬೆರಳಿಟ್ಟು ಮಗುವಿನ ಹಾಗೆ ಓದಿದಳು:

"ಹೆದರ್‌ಬೇಡ ಕಣೇ. ಬಂದ್ಬಿಟ್ವಿ. ಇಲ್ಲೇ ಇದ್ದೀನಿ."

ಕುಶಲ ಆ 'ಕಣೇ'ಯನ್ನು ಎಳೆಯುತ್ತಿದ್ದ ಹಾಗೆಯೇ ಮುದುಕಿಯ ನಾಲಿಗೆಯೂ ಎಳೆದಿತ್ತು. ಅವನು ಹಾಗೆ ಕರೆಯುತ್ತಿದ್ದದ್ದು ಲೋಕದಲ್ಲಿ ಒಬ್ಬಳನ್ನೇ. ಹೊಗೆಯಲ್ಲಿ ಅವನು ಯಾರನ್ನು ಹೊತ್ತುಕೊಂಡು ಇಳಿಯುತ್ತಿದ್ದನೋ.

"ಹುಡುಗಿ, ನಿನಗೇನಾದರೂ ಗೊತ್ತಾಯಿತೇ ಇದು?"

ಸಂಯುಕ್ತಾ ಟ್ರೇಲರಿನ ಮೆಟ್ಟಿಲ ಮೇಲೆ ಕೂತಳು. ಕೋಟನ್ನು ಹೆಸರು ಮೇಲೆ ಬರುವಂತೆ ಮಡಿಸಿ ಮುದುಕಿಯ ತೊಡೆಯ ಮೇಲಿಟ್ಟಳು.

"ಇಲ್ಲ," ಎಂದಳು. "ಇನ್ನೊಂದು ಸಲ ಓದಿ."